ಶೇಕಡಾ 15ರ ಜಗಳ: ತಿರಸ್ಕಾರವಾದ ಮನೆಹಾನಿ ಪರಿಹಾರ ಕೈಗೆ ಬಂದದ್ದು

ರಾಯಚೂರು ಜಿಲ್ಲೆಯ ನಮ್ಮೂರಲ್ಲಿ ಇನ್ನೂ ಮಣ್ಣಿನ ಮಾಳಿಗೆ ಮನೆಗಳೇ ಹೆಚ್ಚು. ಜಿಟಿಜಿಟಿ ಮಳೆ ಹಿಡಿದರೆ ಮೇಲುಮುದ್ದೆ (ಮಾಳಿಗೆ ಮೇಲಿನ ಮಣ್ಣಿನ ಪದರ) ನೀರು ಕುಡಿದು ಭಾರವಾಗುತ್ತದೆ, ಗೋಡೆ ಕೂರುತ್ತದೆ. ನಮ್ಮ ಹಿತ್ತಲ ಗೋಡೆ ಪೂರ್ತಿ ಬಿತ್ತು, ತೊಲೆಗಳು ಒಂದೇ ಕಂಬಕ್ಕೆ ನೇತಾಡುತ್ತಿದ್ದವು. ಆದರೂ ಮನೆಹಾನಿ ಪರಿಹಾರದ ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ 'ಹಾನಿ ಶೇ 15ಕ್ಕಿಂತ ಕಡಿಮೆ' ಎಂದು ಬರೆದು ಕೈತೊಳೆದುಕೊಂಡಿದ್ದರು.

ಎಸ್‌ಡಿಆರ್‌ಎಫ್‌ನ (ರಾಜ್ಯ ವಿಪತ್ತು ಸ್ಪಂದನಾ ನಿಧಿಯ) 2022-26ರ ಮಾನದಂಡದಲ್ಲಿ ಭಾಗಶಃ ಹಾನಿಯಾದ ಕಚ್ಚಾ ಮನೆಗೆ 4,000 ರೂಪಾಯಿ, ತೀವ್ರ ಹಾನಿಯಾದರೆ ಬಯಲು ಪ್ರದೇಶದಲ್ಲಿ 1.20 ಲಕ್ಷ ಇತ್ತು. ಶೇ 15 ಮುಟ್ಟದಿದ್ದರೆ ಸೊನ್ನೆ. 'ಬಡವರು ಸಾಹೇಬ್ರ' ಅಂತ ಕೈಮುಗಿದರೆ ಆ ಅಂಕಿ ಬದಲಾಗುವುದಿಲ್ಲ.

ಹಾಗಾಗಿ 10 ರೂಪಾಯಿ ಕಟ್ಟಿ, ಮಾಹಿತಿ ಹಕ್ಕಿನಡಿ ನಮ್ಮ ಮನೆಯ ಸಮೀಕ್ಷೆ ವರದಿ ಮತ್ತು ಫೋಟೊ ಕೇಳಿದೆ. ಬಂದ ಫೋಟೊದಲ್ಲಿದ್ದದ್ದು ಬೀದಿ ಕಡೆಯ ಮುಂಬಾಗಿಲು ಮಾತ್ರ! ಹಿತ್ತಲಿಗೆ ಯಾರೂ ಕಾಲೇ ಇಟ್ಟಿರಲಿಲ್ಲ.

ಮರುಸಮೀಕ್ಷೆ ಕೋರಿ ತಹಸೀಲ್ದಾರರಿಗೆ ಅರ್ಜಿ ಬರೆದೆ. ಕಷ್ಟದ ಕಥೆ ಎರಡೇ ಸಾಲು, ಉಳಿದದ್ದೆಲ್ಲ ಅಳತೆ. ಯಾವ ಗೋಡೆ, ಎಷ್ಟು ಅಡಿ, ಯಾವ ಅಂಕಣದ (ಕಂಬಗಳ ನಡುವಿನ ಭಾಗದ) ಮಾಳಿಗೆ. ದಿನಾಂಕ, ಜಿಪಿಎಸ್ ಬೀಳುವ ಹಾಗೆ ತೆಗೆದ ಫೋಟೊಗಳ ಪಕ್ಕಕ್ಕೇ ಅವರ ಮುಂಬಾಗಿಲ ಫೋಟೊ ಅಂಟಿಸಿದೆ. ಪಂಚಾಯಿತಿಯ ಮನೆ ಉತಾರ (ಆಸ್ತಿ ದಾಖಲೆಯ ಪ್ರತಿ), ಆಧಾರ್ ಪ್ರತಿ ಇದ್ದೇ ಇರಬೇಕು. ಸ್ವೀಕೃತಿ ಮುದ್ರೆ ಬೀಳುವವರೆಗೆ ಕಚೇರಿಯಿಂದ ಕದಲಲಿಲ್ಲ. ಮುಂದೆ ಉಪವಿಭಾಗಾಧಿಕಾರಿಗೆ ಬರೆದಾಗ ಕೆಲಸಕ್ಕೆ ಬಂದದ್ದು ಆ ಮುದ್ರೆಯೇ.

ಮರುಸಮೀಕ್ಷೆಯವರೆಗೆ ಬಿದ್ದ ಮಣ್ಣು ಎತ್ತಬೇಡಿ. (ಅವ್ವನನ್ನು ಒಪ್ಪಿಸುವುದು ತಹಸೀಲ್ದಾರರನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು.) ಎಂಜಿನಿಯರ್ ಬಂದು ಟೇಪ್ ಹಿಡಿದರು, 'ತೀವ್ರ ಹಾನಿ' ಎಂದು ಬರೆದರು. ದುಡ್ಡು ಆಧಾರ್ ಜೋಡಣೆಯಾದ ಖಾತೆಗೇ ಬಂತು. ನಿಮ್ಮದು ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಮೊದಲೇ ನೋಡಿಕೊಳ್ಳಿ.