ರೇಂಜ್‌ಫೈಂಡರ್‌ಗೆ ಫಾಸ್ಟ್ ವೈಡ್ ಲೆನ್ಸ್: 35, 28, 21ರಲ್ಲಿ ಯಾವ್ದು ತಗೋಬೇಕು?

ನಸುಕಲ್ಲಿ ಸಿಟಿ ಮಾರ್ಕೆಟ್ ಹೂವಿನ ಸಾಲು, ರಾತ್ರಿ ಕಡ್ಲೆಕಾಯ್ ಪರಿಷೆ, ಟ್ಯೂಬ್‌ಲೈಟ್ ಹಾಕಿರೋ ಹಳೇ ಹೋಟ್ಲು, ಇಂಥ ಜಾಗದಲ್ಲಿ ಫ್ಲಾಶ್ ಇಲ್ದೆ ಫೋಟೋ ತೆಗೆಯೋರಿಗೆ ಫಾಸ್ಟ್ ವೈಡ್ ಲೆನ್ಸ್ ಮೇಲೆ, ಅಂದ್ರೆ ಜಾಸ್ತಿ ಬೆಳಕು ಒಳಗೆ ಬಿಟ್ಟು ಜಾಸ್ತಿ ಅಗಲ ನೋಡೋ ಲೆನ್ಸ್ ಮೇಲೆ ಕಣ್ಣು ಬಿದ್ದೇ ಬೀಳತ್ತೆ. 35, 28, 21 ಅನ್ನೋದು ಲೆನ್ಸಿನ ಎಂಎಂ ಅಳತೆ, ಅಂಕಿ ಇಳಿದಷ್ಟೂ ನೋಟ ಅಗಲ. ಎಲ್ರೂ ನೇರ ಎಫ್ 1.4ಆ 2ಆ ಅಂತ ಶುರು ಮಾಡ್ತಾರೆ (ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ). ರೇಂಜ್‌ಫೈಂಡರ್ ವಿಷ್ಯದಲ್ಲಿ ಅದು ಮೂರನೇ ಪ್ರಶ್ನೆ, ಮೊದಲನೇದಲ್ಲ. ಯಾಕಂದ್ರೆ ಇಲ್ಲಿ ನಾವು ಲೆನ್ಸ್ ಒಳಗಿಂದ ನೋಡಲ್ಲ, ಪಕ್ಕದಲ್ಲಿರೋ ಒಂದು ಸಣ್ಣ ಕಿಟಕಿಯಿಂದ ನೋಡ್ತೀವಿ, ಆ ಕಿಟಕಿಗೆ ಹೊಂದದ ಲೆನ್ಸ್ ಎಷ್ಟೇ ದುಡ್ಡು ಕೊಟ್ಟು ತಂದ್ರೂ ಬ್ಯಾಗಲ್ಲೇ ಉಳಿಯತ್ತೆ.

ಹಾಗಾಗಿ ಮೊದಲು ನಿಮ್ಮ ಕ್ಯಾಮೆರಾ ಕಿಟಕೀಲಿ ಯಾವ ಫ್ರೇಮ್‌ಲೈನ್, ಅಂದ್ರೆ ಯಾವ ಲೆನ್ಸಿಗೆ ಎಷ್ಟು ಜಾಗ ಫೋಟೋಲಿ ಬರತ್ತೆ ಅಂತ ತೋರ್ಸೋ ಗೆರೆ ಇದೆ ನೋಡಿ. 1954ರ ಲೈಕಾ ಎಂ3ರಲ್ಲಿ ಇರೋದು 50, 90, 135 ಮಾತ್ರ, ವೈಡ್‌ಗೆ ಗೆರೆನೇ ಇಲ್ಲ. ಎಂ2ರಲ್ಲಿ 35 ಬಂತು, 28ರ ಗೆರೆ ಎಂ4-ಪಿ ಇಂದ. ಎಂ6ರಲ್ಲಿ 28 ಇದೆ, ಆದ್ರೆ 0.72 ಫೈಂಡರ್‌ನ (ಎಲ್ಲಾ 0.72 ಪಟ್ಟು ಗಾತ್ರದಲ್ಲಿ ತೋರ್ಸೋ ಕಿಟಕಿ) ಅಂಚಲ್ಲಿ ಇದೆ, ಕನ್ನಡಕ ಹಾಕೋರಿಗೆ ನಾಲ್ಕು ಮೂಲೆನೂ ಒಂದೇ ಸಲ ಕಾಣೋದು ಕಷ್ಟ, ಕಣ್ಣು ಆಕಡೆ ಈಕಡೆ ಆಡಿಸ್ಬೇಕು. 21 ಬೇಕು ಅಂದ್ರೆ ಕ್ಯಾಮೆರಾ ಮೇಲೆ ಫ್ಲಾಶ್ ಸಿಕ್ಕಿಸೋ ಶೂಗೆ ಬೇರೆ ಫೈಂಡರ್ ಹಾಕ್ಬೇಕು, ಇಲ್ಲಾ ಡಿಜಿಟಲ್ ಬಾಡಿ (ಕ್ಯಾಮೆರಾ) ಆದ್ರೆ ಲೈವ್‌ವ್ಯೂ, ಅಂದ್ರೆ ಹಿಂದಿನ ಸ್ಕ್ರೀನ್ ನೋಡ್ಬೇಕು. ವಾಯ್ಟ್‌ಲೆಂಡರ್ ಬೆಸ್ಸಾ ಆರ್4 ಇದ್ರೆ ನೀವು ಪುಣ್ಯವಂತರು, ಅದ್ರ ಕಿಟಕೀಲೇ 21 ಇಂದ 50ವರೆಗೂ ಗೆರೆ ಇದೆ. ಉಳಿದೋರು ಒಂದು ಕಿಟಕೀಲಿ ಫೋಕಸ್ ಮಾಡಿ ಇನ್ನೊಂದಕ್ಕೆ ಕಣ್ಣು ಹೊರಳಿಸಿ ಫ್ರೇಮ್ ಮಾಡೋಷ್ಟರಲ್ಲಿ ಎದುರಿಗಿದ್ದ ಮನುಷ್ಯ ಹೋಗೇಬಿಟ್ಟಿರ್ತಾನೆ.

ಆಮೇಲೆ ನೀವು ಎಷ್ಟು ದೂರ ನಿಂತು ತೆಗೀತೀರ ಅನ್ನೋದು. ಕರ್ಣದ ಅಳತೇಲಿ 35 ಎಂಎಂ ಸುಮಾರು 63 ಡಿಗ್ರಿ ನೋಡತ್ತೆ, 28 ಸುಮಾರು 75, 21 ತೊಂಬತ್ತರ ಮೇಲೆ. ಇದನ್ನ ಖರ್ಚಿಲ್ದೆ ಪರೀಕ್ಷೆ ಮಾಡ್ಬಹುದು. ಈಗಿನ ಬಹಳಷ್ಟು ಫೋನಿನ ಮೇನ್ ಕ್ಯಾಮೆರಾ 24-26 ಎಂಎಂ ಆಸುಪಾಸಲ್ಲೇ ಇರತ್ತೆ, ಅಂದ್ರೆ ಸ್ವಲ್ಪ ಬಿಗಿ ಮಾಡಿದ್ರೆ 28, ಹತ್ತಿರ ಹತ್ತಿರ 1.4 ಜೂಮ್ ಮಾಡಿದ್ರೆ 35. ಒಂದು ಭಾನುವಾರ ಬಳೇಪೇಟೆ, ಚಿಕ್ಕಪೇಟೆ ಗಲ್ಲೀಲಿ ಫೋನ್ ಹಿಡ್ಕೊಂಡು ಎರಡೂ ಥರ ತೆಗೀರಿ. ಬೆನ್ನು ಗೋಡೆಗೆ ಹತ್ತಿದ್ರೂ ಫ್ರೇಮ್ ಸಾಲ್ತಿಲ್ಲ ಅನ್ಸಿದ್ರೆ ನೀವು 28ರ ಕಡೆಯವರು. ಮುಖ ಸಣ್ಣದಾಯ್ತು, ಖಾಲಿ ಜಾಗ ಜಾಸ್ತಿ ಆಯ್ತು ಅನ್ಸಿದ್ರೆ 35.

ಈಗ ಬೆಳಕಿನ ಲೆಕ್ಕ. ಎಫ್ 2ಕ್ಕಿಂತ 1.4 ಒಂದು ಸ್ಟಾಪ್ ಜಾಸ್ತಿ, ಅಂದ್ರೆ ಎರಡರಷ್ಟು ಬೆಳಕು, ಅಷ್ಟೇ. 400 ಐಎಸ್‌ಓ ಫಿಲ್ಮಲ್ಲಿ, ಚೆನ್ನಾಗಿ ಲೈಟ್ ಇರೋ ರಾತ್ರಿ ಬೀದೀಲಿ ಎಫ್ 2ಕ್ಕೆ 1/30 ಸೆಕೆಂಡ್ ಆಸುಪಾಸು ಬಂದ್ರೆ 1.4ಕ್ಕೆ 1/60 ಸಿಗತ್ತೆ. ರೇಂಜ್‌ಫೈಂಡರಲ್ಲಿ ಎಸ್‌ಎಲ್‌ಆರ್ ಕ್ಯಾಮೆರಾ ಥರ ಒಳಗಿನ ಕನ್ನಡಿ ಮೇಲೆದ್ದು ಅಲುಗಿಸೋದಿಲ್ಲವಲ್ಲ, 1/30ಕ್ಕೆ ನಮ್ಮ ಕೈ ನಿಲ್ಲತ್ತೆ, ಆದ್ರೆ ಎದುರಿಗಿರೋರು ನಿಲ್ಲಲ್ಲ. ಹೂ ಕಟ್ಟೋರ ಬೆರಳು ನೋಡಿ, 1/30ರಲ್ಲಿ ಮುಖ ಶಾರ್ಪ್ ಬಂದಿರತ್ತೆ, ಬೆರಳಿರೋ ಜಾಗದಲ್ಲಿ ಬರೀ ಬಿಳೀ ಗೀಟು. ಕರಗದ ರಾತ್ರಿ ವೀರಕುಮಾರರು ಕತ್ತಿ ಹಿಡ್ಕೊಂಡು ಬರೋವಾಗ 1/60ನೂ ಸಾಲಲ್ಲ, ಫಿಲ್ಮನ್ನ 1600ಕ್ಕೆ ಪುಶ್ ಮಾಡೋದೇ (400ರ ಫಿಲ್ಮನ್ನ 1600 ಅಂತ ಎಣಿಸಿ ತೆಗೆದು, ಜಾಸ್ತಿ ಹೊತ್ತು ಡೆವಲಪ್ ಮಾಡೋದು) ದಾರಿ. ಸೋ ಓಡಾಡೋ ಜನ ಮುಖ್ಯ ಅಂದ್ರೆ 1.4 ಬೇಕು, ಗೋಪುರ ಅಂಗಡಿ ಸಾಲು ಅಂದ್ರೆ 2 ಧಾರಾಳ ಸಾಕು.

ಆದ್ರೆ ಆ ಒಂದು ಸ್ಟಾಪ್‌ಗೆ ಫೋಕಸಲ್ಲಿ ಬೆಲೆ ಕೊಡ್ತೀವಿ. ಎರಡು ಮೀಟರ್ ದೂರದಲ್ಲಿ 35 ಎಂಎಂ 1.4ಕ್ಕೆ ಶಾರ್ಪ್ ಇರೋ ಪಟ್ಟಿ ಸುಮಾರು 27 ಸೆಂಟಿಮೀಟರ್, ಅದೇ ದೂರಕ್ಕೆ 28 ಎಂಎಂ ಎಫ್ 2ರಲ್ಲಿ 60 ಸೆಂಟಿಮೀಟರ್ ಹತ್ರ. 0.7 ಮೀಟರ್‌ಗೆ ಹೋದ್ರೆ 35ರಲ್ಲಿ ಮೂರು ಚಿಲ್ರೆ ಸೆಂಟಿಮೀಟರ್ ಮಾತ್ರ, ಕಣ್ಣು ಸರಿ ಬಂದ್ರೆ ಕಿವಿ ಹೋಗತ್ತೆ. ಹಗಲಲ್ಲಿ 28ನ್ನ ಎಫ್ 8ಕ್ಕೆ ಇಟ್ಟು 3.3 ಮೀಟರ್‌ಗೆ ಫೋಕಸ್ ಬಿಟ್ರೆ ಒಂದೂವರೆ ಮೀಟರ್ ಚಿಲ್ರೆಯಿಂದ ಕೊನೇವರೆಗೂ ಎಲ್ಲಾ ಒಪ್ಪೋ ಥರ ಬರತ್ತೆ, ಕಿಟಕಿ ನೋಡ್ದೇನೇ ತೆಗೀಬಹುದು.

ಇನ್ನು ಗಾತ್ರ. ಲೆನ್ಸ್ ದೊಡ್ಡದಾದಷ್ಟೂ ಕಿಟಕಿಯ ಕೆಳಗಿನ ಬಲಮೂಲೆ ಮುಚ್ಚಿಹೋಗತ್ತೆ. ಝೈಸ್ ಡಿಸ್ಟಗಾನ್ 35/1.4 ಮೂಲೆಮೂಲೆಗೂ ಅದ್ಭುತ, ಆದ್ರೆ 380 ಗ್ರಾಂ ಹತ್ರ, 49 ಎಂಎಂ ಫಿಲ್ಟರ್, ಮೂಲೇಲಿ ನಿಂತ ಮಗು ಪ್ರಿಂಟ್ ಹಾಕಿದ್ಮೇಲೇ ಕಾಣೋದು. ವಾಯ್ಟ್‌ಲೆಂಡರ್ ನಾಕ್ಟನ್ 35/1.4 ಅದರ ಅರ್ಧ ತೂಕ, 43 ಎಂಎಂ ಫಿಲ್ಟರ್, ದಿನಾ ಜೊತೇಲಿ ಇಟ್ಕೋಬಹುದು, ಬದಲಿಗೆ ನೇರ ಗೆರೆ ಸ್ವಲ್ಪ ಉಬ್ಬತ್ತೆ, ಎಫ್ 2.8 ಆಸುಪಾಸಲ್ಲಿ ಫೋಕಸ್ ಹಿಂದಕ್ಕೆ ಜಾರತ್ತೆ. ಗಾಜಿನ ಮೇಲಿನ ಲೇಪದಲ್ಲಿ ಸಿಂಗಲ್ ಕೋಟ್, ಮಲ್ಟಿ ಕೋಟ್ ಅಂತ ಎರಡು ಥರ ಇದೆ, ನಮ್ಮ ಎಲ್‌ಇಡಿ ಬೀದಿದೀಪಕ್ಕೆ ಮಲ್ಟಿ ಕೋಟೇ ತಗೊಳ್ಳಿ. ಲೈಕಾ ಸಮಿಲಕ್ಸ್ ಲಕ್ಷಗಳ ಮಾತು, ಆ ದುಡ್ಡಿಗೆ ಎಷ್ಟು ವರ್ಷದ ಫಿಲ್ಮ್ ಬರತ್ತೆ ಲೆಕ್ಕ ಹಾಕಿ ನೋಡಿ. ನನ್ನ ಮಾತು ಕೇಳೋದಾದ್ರೆ ಜನ, ರಾತ್ರಿ ಅಂದ್ರೆ ಚಿಕ್ಕ 35/1.4, ಪೇಟೆ ಗಲ್ಲಿ, ಜಾತ್ರೆ ಅಂದ್ರೆ ಅಲ್ಟ್ರಾನ್ 28/2. ನಾಕ್ಟನ್ 21/1.4 ಒಳ್ಳೇ ಲೆನ್ಸೇ, ಅದನ್ನ ಮೊದಲ ವೈಡ್ ಆಗಿ ಮಾತ್ರ ತಗೋಬೇಡಿ.

ದುಡ್ಡು ಕೊಡೋ ಮುಂಚೆ ಅಂಗಡೀಲೇ ಒಂದು ಪರೀಕ್ಷೆ ಮಾಡಿ, ಡಿಜಿಟಲ್ ಬಾಡಿ ಸಿಕ್ರೆ ಅದರಲ್ಲೇ. ಪೇಪರಿನ ಕ್ಲಾಸಿಫೈಡ್ ಪುಟ ಮೇಜಿನ ಮೇಲೆ ಹಾಸಿ, ಮಧ್ಯದ ಒಂದು ಸಾಲಿಗೆ ಪೆನ್ನಲ್ಲಿ ಗೆರೆ ಎಳೆದು, ಓರೆಯಾಗಿ ಒಂದು ಮೀಟರ್ ದೂರದಿಂದ ಅದಕ್ಕೆ ಫೋಕಸ್ ಮಾಡಿ, ರಿಂಗ್ ಮುಟ್ಟದೆ 1.4, 2, 2.8, 4 ಹೀಗೆ ತೆಗೀರಿ. 1.4ರಲ್ಲೇ ಬೇರೆ ಸಾಲು ಶಾರ್ಪ್ ಬಂದ್ರೆ ಕ್ಯಾಮೆರಾ ಅಥ್ವಾ ಲೆನ್ಸ್ ಅಡ್ಜಸ್ಟ್‌ಮೆಂಟ್ ತಪ್ಪಿದೆ, ಇನ್ನೊಂದು ಲೆನ್ಸ್ ಹಾಕಿದ್ರೆ ಯಾವ್ದರ ತಪ್ಪು ಗೊತ್ತಾಗತ್ತೆ. 1.4ರಲ್ಲಿ ಸರಿ ಇದ್ದು 2.8ರಲ್ಲಿ ಹಿಂದಿನ ಸಾಲಿಗೆ ಹೋದ್ರೆ ಅದು ಲೆನ್ಸಿನ ಗುಣ, ರಿಪೇರಿ ಇಲ್ಲ. ಸೆಕೆಂಡ್ ಹ್ಯಾಂಡ್ ಆದ್ರೆ ಅಪರ್ಚರ್ (ಬೆಳಕು ಬಿಡೋ ಕಿಂಡಿ) ಪೂರ್ತಿ ಅಗಲ ಮಾಡಿ ಹಿಂದಿನಿಂದ ಫೋನ್ ಟಾರ್ಚ್ ಬಿಡಿ, ಮಳೆಗಾಲದಲ್ಲಿ ಬೀರು ಒಳಗೇ ಇದ್ದ ಲೆನ್ಸ್ ಆದ್ರೆ ಗಾಜಿನ ಅಂಚಲ್ಲಿ ಬೇರಿನ ಥರ ಸಣ್ಣ ಫಂಗಸ್ ಎಳೆ ಕಾಣತ್ತೆ. ಕಂಡ್ರೆ ರೇಟ್ ಎಷ್ಟೇ ಇಳಿಸಿದ್ರೂ ಬಿಟ್ಟು ಬನ್ನಿ.