ಹಲ್ಲು ಕೀಳಿಸಿದ ಮೇಲೆ ವಸಡು ಬಾತರೆ ಏನು ಮಾಡಬೇಕು?

ಹಲ್ಲು ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡು ಮನೆಗೆ ಬಂದವರು ಮೊದಲ ಎರಡು ದಿನದ ನೋವಿಗೆ ಸಿದ್ಧರಾಗಿಯೇ ಇರುತ್ತಾರೆ. ನಾಲ್ಕನೆಯ ದಿನ ನೋವು ಇಳಿಯುವ ಬದಲು ಏರತೊಡಗಿ, ಕೆನ್ನೆ ಬಿಗಿದು, ಬಾಯಲ್ಲಿ ಕೆಟ್ಟ ರುಚಿ ತುಂಬಿಕೊಂಡಾಗ ಮಾತ್ರ ಏನು ಮಾಡಬೇಕೆಂದು ತೋಚುವುದಿಲ್ಲ. ಆಗ ಹೆಚ್ಚಿನವರು ದಂತವೈದ್ಯರ ಬಳಿಗೆ ಮರಳದೆ, ಬೀದಿ ತಿರುವಿನ ಮೆಡಿಕಲ್ ಶಾಪಿಗೆ ಹೋಗಿ ‘ಹಲ್ಲುನೋವಿಗೆ ಮೂರು ದಿನದ ಮಾತ್ರೆ ಕೊಡಿ’ ಎನ್ನುತ್ತಾರೆ. ನಾನೂ ಅದನ್ನೇ ಮಾಡಿದವನು. ದವಡೆ ಹಲ್ಲೊಂದಕ್ಕೆ ಕ್ಯಾಪ್ ಹಾಕಿಸಿದ ವಾರದೊಳಗೆ ಅದರ ಸುತ್ತಲಿನ ವಸಡು ಬಾತುಕೊಂಡಿತು. ಒಂದೂವರೆ ತಿಂಗಳಲ್ಲಿ ಮೂರು ಬಾರಿ ಆ್ಯಂಟಿಬಯೋಟಿಕ್ ನುಂಗಿದೆ. ಪ್ರತಿ ಸಲವೂ ನಾಲ್ಕು ದಿನ ಹಿತವೆನಿಸಿ ಐದನೆಯ ದಿನ ಬಾವು ಮರಳುತ್ತಿತ್ತು. ಕೊನೆಗೆ ಬೇರೊಬ್ಬ ವೈದ್ಯರು ವಸಡಿನ ಅಡಿಯಿಂದ ಅಕ್ಕಿ ನುಚ್ಚಿನಷ್ಟು ಗಾತ್ರದ ಸಿಮೆಂಟಿನ ಚೂರೊಂದನ್ನು ಹೊರತೆಗೆದರು. ಕ್ಯಾಪ್ ಅಂಟಿಸುವಾಗ ಹೊರಕ್ಕೆ ಒಸರಿ, ಒರೆಸಿ ತೆಗೆಯದೆ ಉಳಿದಿದ್ದ ಅಂಟು ಅದು. ಕೆಲಸ ಹತ್ತು ನಿಮಿಷದ್ದು. ಬಾವು ಮತ್ತೆ ಬರಲಿಲ್ಲ.

ಅಂಗಾಲಿನಲ್ಲಿ ಮುಳ್ಳು ಮುರಿದು ಕೂತಿರುವಾಗ ಮೇಲೆ ಎಷ್ಟು ಮುಲಾಮು ಸವರಿದರೂ ಗಾಯ ಮಾಯುವುದಿಲ್ಲ. ವಸಡಿನ ಸೋಂಕಿನ ವಿಷಯವೂ ಹಾಗೆಯೇ. ಕೀವು ಕಟ್ಟಿಕೊಂಡ ಜಾಗದೊಳಗೆ ರಕ್ತ ಹರಿಯುವುದಿಲ್ಲವಾದ್ದರಿಂದ ರಕ್ತದ ಮೂಲಕ ಬರಬೇಕಾದ ಔಷಧವೂ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ಮುರಿದುಳಿದ ಬೇರಿನ ತುಂಡು, ವಸಡಿನ ಆಳದಲ್ಲಿ ಬಿಟ್ಟುಹೋದ ಹಲ್ಲಿನ ಪಾಚಿ, ಅಂಚು ಮೀರಿದ ಫಿಲ್ಲಿಂಗ್, ಅರ್ಧಕ್ಕೆ ನಿಂತ ರೂಟ್ ಕೆನಾಲ್, ಹೀಗೆ ಮೂಲ ಯಾವುದೇ ಇರಲಿ, ಅದನ್ನು ಹುಡುಕಿ ತೆಗೆಯುವುದೇ ಚಿಕಿತ್ಸೆ. ಮಾತ್ರೆ ಅದಕ್ಕೆ ಒತ್ತಾಸೆ ಮಾತ್ರ.

ಮೊದಲು ನೋವಿನ ಜಾಡು ಹಿಡಿಯಿರಿ

ಹಲ್ಲು ಕಿತ್ತ ನಂತರ ಮೊದಲ ಒಂದೆರಡು ದಿನ ನೋವು ಹೆಚ್ಚಿರುವುದು ಸಹಜ. ಕೊನೆಯ ದವಡೆ ಹಲ್ಲನ್ನು, ಅಂದರೆ ಬುದ್ಧಿಹಲ್ಲನ್ನು, ವಸಡು ಕೊಯ್ದು ತೆಗೆದಿದ್ದರೆ ಕೆನ್ನೆಯ ಊತ ಎರಡು ಮೂರು ದಿನಗಳವರೆಗೆ ಏರಿ, ಆಮೇಲೆ ಇಳಿಯತೊಡಗುತ್ತದೆ. ಹೀಗಾಗಿ ಮೂರನೆಯ ದಿನವನ್ನೇ ಗಡಿಯೆಂದು ಇಟ್ಟುಕೊಳ್ಳಬಹುದು: ಅಲ್ಲಿಂದ ಮುಂದೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಗಾಯ ಮಾಯುತ್ತಿದೆ, ಕಡಿಮೆಯಾಗಿದ್ದ ನೋವು ಅಥವಾ ಊತ ಮತ್ತೆ ಏರಿದರೆ ಏನೋ ಕೆಟ್ಟಿದೆ. ಹಲ್ಲು ಕಿತ್ತ ಗುಳಿಯ ಮೇಲೆ ಕಾಣುವ ಬಿಳಿ ಅಥವಾ ತಿಳಿಹಳದಿ ಪೊರೆಯನ್ನು ಕೀವೆಂದು ಭಾವಿಸಿ ಕಡ್ಡಿಯಿಂದ ಕೆರೆದು ತೆಗೆಯುವವರಿದ್ದಾರೆ. ಅದು ಮಾಯುತ್ತಿರುವ ಗಾಯದ ಹೊದಿಕೆ. ಅದನ್ನು ಮುಟ್ಟಬಾರದು.

ಇಲ್ಲಿ ಒಂದು ಗೊಂದಲವನ್ನು ಸ್ವಲ್ಪ ವಿವರವಾಗಿ ಬಿಡಿಸಬೇಕು. ಹಲ್ಲು ಕಿತ್ತ ಎರಡರಿಂದ ನಾಲ್ಕು ದಿನಗಳ ನಡುವೆ, ಕಿವಿಯವರೆಗೂ ಸೆಳೆಯುವ, ಮಾತ್ರೆಗೆ ಬಗ್ಗದ ನೋವು ಬಂದು, ಬಾಯಿ ವಾಸನೆ ಹೊಡೆಯುತ್ತಿದ್ದರೂ ಕೆನ್ನೆ ಅಷ್ಟಾಗಿ ಊದದೆ, ಜ್ವರವೂ ಇಲ್ಲದಿದ್ದರೆ ಅದು ಬಹುಮಟ್ಟಿಗೆ ‘ಡ್ರೈ ಸಾಕೆಟ್’. ಗುಳಿಯಲ್ಲಿ ಹೆಪ್ಪುಗಟ್ಟಿ ನಿಲ್ಲಬೇಕಾದ ರಕ್ತ ಕರಗಿಯೋ ಕಳಚಿಯೋ ಹೋಗಿ, ಒಳಗಿನ ಮೂಳೆ ತೆರೆದುಕೊಂಡ ಸ್ಥಿತಿ ಇದು. ಕೆಳದವಡೆಯ ಬುದ್ಧಿಹಲ್ಲು ತೆಗೆಸಿದವರಲ್ಲಿ ಮತ್ತು ಬೀಡಿ ಸಿಗರೇಟು ಸೇದುವವರಲ್ಲಿ ಹೆಚ್ಚು. ಇದು ಕೀವಿನ ಕಾಯಿಲೆಯಲ್ಲ. ಆ್ಯಂಟಿಬಯೋಟಿಕ್‌ನಿಂದ ಇದರ ನೋವು ಇಳಿಯುವುದೂ ಇಲ್ಲ. ದಂತವೈದ್ಯರು ಗುಳಿಯನ್ನು ಸಲೈನಿನಿಂದ ತೊಳೆದು, ಲವಂಗದ ಎಣ್ಣೆಯ ಸಾರವಿರುವ ಔಷಧದ ಪಟ್ಟಿಯನ್ನು ಒಳಗಿಟ್ಟರೆ ಬಹಳಷ್ಟು ಮಂದಿಗೆ ಅಂದೇ ಹಾಯೆನಿಸುತ್ತದೆ. ಅಗತ್ಯ ಕಂಡರೆ ಒಂದೆರಡು ದಿನ ಬಿಟ್ಟು ಪಟ್ಟಿ ಬದಲಾಯಿಸುತ್ತಾರೆ. ಇಷ್ಟು ಸರಳವಾದ ಉಪಾಯವಿರುವಾಗ ವಾರಗಟ್ಟಲೆ ಮಾತ್ರೆ ನುಂಗಿ ನರಳುವುದು ಏಕೆ?

ಸೋಂಕಿನ ಲಕ್ಷಣಗಳೇ ಬೇರೆ. ವಸಡು ಕೆಂಪಗೆ ಬಾತು ಮಿನುಗುತ್ತದೆ, ಒತ್ತಿದರೆ ಕೀವು ಒಸರುತ್ತದೆ, ಬಾಯಿಗೆ ಉಪ್ಪುಪ್ಪಾದ ಕೆಟ್ಟ ರುಚಿ ಬರುತ್ತದೆ, ದವಡೆಯ ಕೆಳಗೆ ಗಂಟು ಕೈಗೆ ಸಿಗುತ್ತದೆ, ಜ್ವರ ಬರಬಹುದು. ಹಲ್ಲು ಕ್ಲೀನ್ ಮಾಡಿಸಿದ ಕೆಲವು ದಿನಗಳಲ್ಲಿ ಒಂದೇ ಹಲ್ಲಿನ ಪಕ್ಕ ಹೀಗಾದರೆ, ವಸಡಿನ ಮೇಲ್ಭಾಗ ಬಿಗಿದುಕೊಂಡು ಆಳದ ಪಾಚಿ ಒಳಗೇ ಸಿಕ್ಕಿಬಿದ್ದಿರುವ ಸಾಧ್ಯತೆಯಿದೆ. ರೂಟ್ ಕೆನಾಲ್ ನಡೆಯುತ್ತಿರುವಾಗ ಹಲ್ಲು ‘ಎತ್ತರವಾದಂತೆ’ ಅನಿಸಿ, ಕಚ್ಚಿದರೆ ಜೀವ ಹೋದಂತಾದರೆ ತೊಂದರೆ ಇರುವುದು ಬೇರಿನ ತುದಿಯಲ್ಲಿ.

ಕಾಯಬಾರದ ಲಕ್ಷಣಗಳು

ಬಾಯಿಯನ್ನು ಎರಡು ಬೆರಳಿನಷ್ಟೂ ತೆರೆಯಲಾಗದಿದ್ದರೆ, ಎಂಜಲು ನುಂಗಲು ಕಷ್ಟವಾಗಿ ಜೊಲ್ಲು ಸುರಿಯುತ್ತಿದ್ದರೆ, ನಾಲಿಗೆ ಮೇಲಕ್ಕೆ ದೂಡಿದಂತಾಗಿ ಮಾತು ತೊದಲುತ್ತಿದ್ದರೆ, ಗದ್ದದ ಕೆಳಗೆ ಎರಡೂ ಬದಿ ಗಟ್ಟಿಯಾಗಿ ಊದಿಕೊಂಡಿದ್ದರೆ, ಕಣ್ಣಿನ ಸುತ್ತ ಬಾವು ಏರಿದ್ದರೆ ಅಥವಾ ಉಸಿರಾಟ ಬಿಗಿಹಿಡಿದರೆ ಬೆಳಗಾಗುವವರೆಗೆ ಕಾಯಬೇಡಿ. ದಂತ ಕ್ಲಿನಿಕ್ಕನ್ನೂ ಹುಡುಕಬೇಡಿ. ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಕೆಳದವಡೆಯ ಹಲ್ಲಿನ ಸೋಂಕು ಬಾಯಿಯ ತಳಕ್ಕೂ ಕುತ್ತಿಗೆಗೂ ಇಳಿದು ಉಸಿರುದಾರಿಯನ್ನೇ ಒತ್ತುವ ಈ ಸ್ಥಿತಿಯನ್ನು ಜರ್ಮನ್ ವೈದ್ಯ ಲುಡ್ವಿಗ್ 1836ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರೇ ಉಳಿದಿದೆ. ಆ್ಯಂಟಿಬಯೋಟಿಕ್‌ಗಳು ಬಂದ ಮೇಲೆ ಅದರಿಂದ ಸಾಯುವವರು ತೀರ ಕಡಿಮೆಯಾಗಿದ್ದಾರೆ, ಆದರೆ ಗಂಟೆಗಳ ಲೆಕ್ಕ ಇಂದಿಗೂ ಮುಖ್ಯವೇ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಕ್ಯಾನ್ಸರಿಗೆ ಕಿಮೊಥೆರಪಿ ಪಡೆಯುತ್ತಿರುವವರು ಮತ್ತು ಸ್ಟೆರಾಯ್ಡ್ ತೆಗೆದುಕೊಳ್ಳುವವರು ಸಣ್ಣ ಬಾವನ್ನೂ ಹಗುರವಾಗಿ ಎಣಿಸಬಾರದು.

ವೈದ್ಯರು ಸಿಗುವವರೆಗೆ

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಬಾಯಲ್ಲಿ ತುಂಬಿಕೊಂಡು, ತಲೆಯನ್ನು ಅತ್ತಿತ್ತ ವಾಲಿಸಿ ನೀರನ್ನು ತಾನಾಗಿ ಚೆಲ್ಲಲು ಬಿಡಿ. ಹಲ್ಲು ಕಿತ್ತ ಮೊದಲ 24 ಗಂಟೆ ಇದೂ ಬೇಡ, ಜೋರಾಗಿ ಮುಕ್ಕಳಿಸುವುದಂತೂ ಬೇಡವೇ ಬೇಡ. ನೋವಿಗೆ, ಬೇರೆ ಕಾಯಿಲೆ ಇಲ್ಲದ ವಯಸ್ಕರು ಊಟದ ನಂತರ ಐಬುಪ್ರೊಫೆನ್ 400 ಮಿಲಿಗ್ರಾಂ ಮತ್ತು ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಒಟ್ಟಿಗೆ ತೆಗೆದುಕೊಂಡರೆ ಒಂದೊಂದನ್ನೇ ನುಂಗುವುದಕ್ಕಿಂತ ಹೆಚ್ಚು ಗುಣ ಕಾಣುತ್ತದೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಅಥವಾ ಆಸ್ತಮಾ ಇರುವವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು ವೈದ್ಯರನ್ನು ಕೇಳದೆ ಐಬುಪ್ರೊಫೆನ್ ಮುಟ್ಟಬಾರದು. ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು: ಜ್ವರ ಹಲ್ಲಿನದೋ ಡೆಂಗಿಯದೋ ಎಂಬ ಅನುಮಾನವಿದ್ದರೆ ಪ್ಯಾರಾಸಿಟಮಾಲ್ ಒಂದಕ್ಕೇ ನಿಲ್ಲಿ, ಏಕೆಂದರೆ ಡೆಂಗಿಯಲ್ಲಿ ಐಬುಪ್ರೊಫೆನ್‌ನಂಥ ಮಾತ್ರೆಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ.

ಲವಂಗದ ಎಣ್ಣೆಯನ್ನು ನೇರವಾಗಿ ವಸಡಿಗೆ ಹಚ್ಚಿದರೆ ಚರ್ಮ ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ನೋವಿನ ಜಾಗದಲ್ಲಿ ಒತ್ತಿ ಇಟ್ಟುಕೊಂಡರೆ ಅಲ್ಲಿ ಬಿಳಿ ಹುಣ್ಣಾಗುತ್ತದೆ. ನೋವು ಮರಗಟ್ಟಲೆಂದು ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ಒತ್ತಿಕೊಳ್ಳುವ ಅಭ್ಯಾಸ ಹಳ್ಳಿಗಳಲ್ಲಿ ಇನ್ನೂ ಇದೆ. ಮಾಯಬೇಕಾದ ಗಾಯಕ್ಕೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ. ಕೀವಿನ ಬಾವಿಗೆ ಕೆನ್ನೆಯ ಹೊರಗಿನಿಂದ ಬಿಸಿ ಶಾಖ ಕೊಡುವುದೂ ಬೇಡ.

ಮೊದಲು ಚಿಕಿತ್ಸೆ ಮಾಡಿದವರ ಬಳಿಗೇ

ಮುನಿಸಿದ್ದರೂ ಮೊದಲು ಅದೇ ವೈದ್ಯರ ಬಳಿ ಹೋಗುವುದು ಲೇಸು. ಬೇರಿನ ಆಕಾರ ಹೇಗಿತ್ತು, ಯಾವ ತುಂಡು ಉಳಿದಿರಬಹುದು, ಎಷ್ಟು ಹೊಲಿಗೆ ಹಾಕಿದ್ದರು ಎಂಬುದು ಅವರಿಗೇ ಗೊತ್ತು. ಹಳೆಯ ಎಕ್ಸ್‌ರೇ ಇರುವುದೂ ಅಲ್ಲಿಯೇ. ಆದರೆ ಫೋನಿನಲ್ಲಿ ‘ಇನ್ನೂ ನೋವಿದೆ’ ಎಂದಷ್ಟೇ ಹೇಳಿದರೆ ರಿಸೆಪ್ಷನ್‌ನಲ್ಲಿರುವವರು ‘ಮಾತ್ರೆ ಮುಂದುವರಿಸಿ, ಸೋಮವಾರ ಬನ್ನಿ’ ಎನ್ನುವುದೇ ಹೆಚ್ಚು. ದಿನಗಳ ಲೆಕ್ಕ ಕೊಟ್ಟು ಹೇಳಿ: ‘ಭಾನುವಾರ ಹಲ್ಲು ಕೀಳಿಸಿದ್ದೆ, ಬುಧವಾರ ಕಡಿಮೆಯಾಗಿತ್ತು, ನಿನ್ನೆಯಿಂದ ಮತ್ತೆ ಊದಿದೆ, ಕೀವಿನ ರುಚಿ ಬರುತ್ತಿದೆ, ರಾತ್ರಿ 101 ಡಿಗ್ರಿ ಜ್ವರವಿತ್ತು, ಇವತ್ತೇ ಡಾಕ್ಟರ್ ನೋಡಬೇಕು.’

ಹೋಗುವಾಗ ಹಳೆಯ ಚೀಟಿ, ಎಕ್ಸ್‌ರೇ, ಈಗಾಗಲೇ ನುಂಗಿರುವ ಮಾತ್ರೆಗಳ ಖಾಲಿ ಸ್ಟ್ರಿಪ್ ಎಲ್ಲವೂ ಕೈಯಲ್ಲಿರಲಿ. ಚೀಟಿಯಲ್ಲಿ 36, 48 ಎಂಬಂಥ ಅಂಕಿ ಕಂಡರೆ ಅದು ಹಲ್ಲಿನ ವಿಳಾಸ: ಮೊದಲ ಅಂಕಿ ಬಾಯಿಯ ಕಾಲುಭಾಗವನ್ನು, ಎರಡನೆಯದು ನಡುವಿನಿಂದ ಎಣಿಸಿದ ಸ್ಥಾನವನ್ನು ಹೇಳುತ್ತದೆ. 1 ಮೇಲಿನ ಬಲ, 2 ಮೇಲಿನ ಎಡ, 3 ಕೆಳಗಿನ ಎಡ, 4 ಕೆಳಗಿನ ಬಲ. ಹಾಗಾಗಿ 48 ಎಂದರೆ ಕೆಳಗಿನ ಬಲಬದಿಯ ಬುದ್ಧಿಹಲ್ಲು. ಸಕ್ಕರೆ ಕಾಯಿಲೆ, ಹೃದಯದ ಕವಾಟದ ತೊಂದರೆ, ಪೆನಿಸಿಲಿನ್ ಅಲರ್ಜಿ, ರಕ್ತ ತೆಳುವಾಗಿಸುವ ಔಷಧ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಅಲೆಂಡ್ರೊನೇಟ್ ಮಾತ್ರೆ ಅಥವಾ ಇಂಜೆಕ್ಷನ್, ಇವುಗಳನ್ನು ಕೇಳದಿದ್ದರೂ ಹೇಳಿ. ಕೊನೆಯದನ್ನು ಹಿರಿಯರು ‘ಅದಕ್ಕೂ ಹಲ್ಲಿಗೂ ಏನು ಸಂಬಂಧ’ ಎಂದು ಬಿಟ್ಟುಬಿಡುತ್ತಾರೆ. ಸಂಬಂಧವಿದೆ: ಹಲ್ಲು ಕಿತ್ತ ಜಾಗದಲ್ಲಿ ದವಡೆಯ ಮೂಳೆ ಮಾಯದೆ ಸತ್ತುಹೋಗುವ ತೊಂದರೆ ಈ ಔಷಧಗಳಿಂದ ಉಂಟಾಗಬಲ್ಲದು.

ಕುರ್ಚಿಯಲ್ಲಿ ಏನು ನಡೆಯಬೇಕು

ಬಾಯಿಯೊಳಗೆ ನೋಡದೆ, ವಸಡಿನ ಆಳ ಅಳೆಯದೆ, ಎಕ್ಸ್‌ರೇ ಇಲ್ಲದೆ ಚೀಟಿ ಬರೆದುಕೊಟ್ಟರೆ ಅದನ್ನು ಪೂರ್ಣ ಚಿಕಿತ್ಸೆಯೆಂದು ಒಪ್ಪಬೇಕಿಲ್ಲ. ಒಂದೆರಡು ಹಲ್ಲಿಗೆ ಸಣ್ಣ ಎಕ್ಸ್‌ರೇ, ಬುದ್ಧಿಹಲ್ಲಿನ ಭಾಗಕ್ಕಾದರೆ ಇಡೀ ದವಡೆಯ ಓಪಿಜಿ ಸಾಮಾನ್ಯವಾಗಿ ಸಾಕು. ‘ಸೋಂಕಿನ ಮೂಲ ಎಲ್ಲಿದೆ ಡಾಕ್ಟ್ರೇ, ಅದನ್ನು ಇವತ್ತು ತೆಗೆಯುತ್ತೀರಾ?’ ಎಂಬ ಒಂದೇ ಪ್ರಶ್ನೆಯಿಂದ ಮಾತು ಸರಿಯಾದ ದಾರಿಗೆ ಬರುತ್ತದೆ. ಕೀವು ತುಂಬಿದ್ದರೆ ಸಣ್ಣ ಗೀರು ಹಾಕಿ ಹರಿಯಬಿಡುವುದು, ಗುಳಿ ತೊಳೆದು ಬೇರಿನ ಚೂರು ತೆಗೆಯುವುದು, ಆಳದ ಪಾಚಿ ಕೆರೆಯುವುದು, ರೂಟ್ ಕೆನಾಲ್ ಹಲ್ಲಾದರೆ ಒಳಗನ್ನು ಮತ್ತೆ ತೆರೆದು ಸ್ವಚ್ಛಗೊಳಿಸುವುದು, ಇವುಗಳಲ್ಲಿ ಯಾವುದಾದರೊಂದು ಆಗಲೇಬೇಕು.

ಮರಗಟ್ಟಿಸುವ ಇಂಜೆಕ್ಷನ್ ‘ಹಿಡಿಯಲಿಲ್ಲ’ ಎಂಬ ದೂರಿಗೆ ಆಧಾರವಿದೆ. ಸೋಂಕಿರುವ ಜಾಗದಲ್ಲಿ ಆಮ್ಲೀಯತೆ ಹೆಚ್ಚಿರುವುದರಿಂದ ಔಷಧ ನರದೊಳಗೆ ಇಳಿಯುವ ಪ್ರಮಾಣ ಕಡಿಮೆಯಾಗುತ್ತದೆ. ಅದಕ್ಕೇ ವೈದ್ಯರು ಬಾವಿನಿಂದ ದೂರದಲ್ಲಿ, ನರದ ಬುಡದಲ್ಲಿ ಚುಚ್ಚುತ್ತಾರೆ. ಹಿಂದೊಮ್ಮೆ ಹಿಡಿಯದೆ ನೋವು ತಿಂದಿದ್ದರೆ ಮೊದಲೇ ಹೇಳಿ. ಶುರು ಮಾಡಿದ ಮೇಲೂ ನೋವಾದರೆ ಕೈ ಎತ್ತುವುದಾಗಿ ಮಾತಾಡಿಕೊಳ್ಳಿ.

ಆ್ಯಂಟಿಬಯೋಟಿಕ್ ಎಷ್ಟು, ಯಾವಾಗ

ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಬೇರಿನ ತುದಿಯ ಸೋಂಕಿನಿಂದ ನೋವೂ ಬಾವೂ ಇರುವ ಸದೃಢ ವಯಸ್ಕರಿಗೆ ತಕ್ಷಣ ಹಲ್ಲಿನ ಚಿಕಿತ್ಸೆ ಸಿಗುವಂತಿದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ಆ್ಯಂಟಿಬಯೋಟಿಕ್ ಬೇಕಾಗುವುದಿಲ್ಲ. ಜ್ವರ, ಸುಸ್ತು, ಹರಡುತ್ತಿರುವ ಬಾವು ಇದ್ದಾಗ ಅದು ಬೇಕೇ ಬೇಕು. ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ ದಿನಕ್ಕೆ ಮೂರು ಬಾರಿ ಬರೆಯುತ್ತಾರೆ. ಕೆಲವೊಮ್ಮೆ ಜೊತೆಗೆ ಮೆಟ್ರೊನಿಡಜೋಲ್ ಇರುತ್ತದೆ. ಎರಡನೆಯದು ಬಾಯಿಗೆ ಲೋಹದ ರುಚಿ ತರುತ್ತದೆ, ಅದನ್ನು ನುಂಗುವ ದಿನಗಳಲ್ಲಿ ಮದ್ಯ ಮುಟ್ಟಬಾರದು, ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವ ಹೆಚ್ಚಿಸಬಹುದು. ಇವು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳು. ಅಂಗಡಿಯವರು ಕೇಳದೆ ಕೊಡುತ್ತಾರೆಂಬುದು ಬೇರೆ ಮಾತು. ಎಷ್ಟು ದಿನ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮನೆಯವರ ಉಳಿದ ಸ್ಟ್ರಿಪ್ಪನ್ನು ಮುಂದುವರಿಸುವುದು ಬೇಡ.

ಕ್ಲೋರ್‌ಹೆಕ್ಸಿಡಿನ್ ಬಾಯಿ ತೊಳೆಯುವ ದ್ರವ ಕೊಟ್ಟಿದ್ದರೆ ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಬಳಸಿ. ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ.

ಎರಡು ಮೂರು ದಿನದಲ್ಲಿ ಇಳಿಯದಿದ್ದರೆ

ಮೂಲ ತೆಗೆದ ಮೇಲೆ 48ರಿಂದ 72 ಗಂಟೆಗಳಲ್ಲಿ ವ್ಯತ್ಯಾಸ ಕಾಣಬೇಕು. ಕಾಣದಿದ್ದರೆ, ಅಥವಾ ಎರಡನೆಯ ಬಾರಿಯೂ ಬರೀ ಮಾತ್ರೆಯೇ ಸಿಕ್ಕಿದರೆ, ದಾಖಲೆಗಳ ಪ್ರತಿ ಕೇಳಿ ಪಡೆದು ಎಂಡಿಎಸ್, ಅಂದರೆ ದಂತವೈದ್ಯಕೀಯದ ಸ್ನಾತಕೋತ್ತರ ಪದವಿ, ಮಾಡಿದ ತಜ್ಞರ ಬಳಿ ಹೋಗಿ. ಹಲ್ಲು ಕಿತ್ತ ಜಾಗದ ತೊಂದರೆಗೆ ಓರಲ್ ಸರ್ಜನ್, ವಸಡಿನದಕ್ಕೆ ಪೆರಿಯೊಡಾಂಟಿಸ್ಟ್, ರೂಟ್ ಕೆನಾಲ್ ಹಲ್ಲಿಗೆ ಎಂಡೊಡಾಂಟಿಸ್ಟ್. ಮೂವರೂ ಒಂದೇ ಸೂರಿನಡಿ, ಕಡಿಮೆ ಖರ್ಚಿನಲ್ಲಿ ಸಿಗುವುದು ದಂತ ಕಾಲೇಜುಗಳಲ್ಲಿ: ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸಮೀಪದ ಸರ್ಕಾರಿ ದಂತ ಕಾಲೇಜು, ಧಾರವಾಡದ ಸತ್ತೂರಿನ ಎಸ್‌ಡಿಎಂ, ದಾವಣಗೆರೆಯ ಬಾಪೂಜಿ, ಮೈಸೂರಿನ ಜೆಎಸ್‌ಎಸ್, ಮಣಿಪಾಲದ ಕಾಲೇಜು ಹೀಗೆ. ಮೊದಲು ಓರಲ್ ಮೆಡಿಸಿನ್ ವಿಭಾಗದಲ್ಲಿ ನೋಡಿ, ಬೇಕಾದ ವಿಭಾಗಕ್ಕೆ ಕಳಿಸುತ್ತಾರೆ. ಅರ್ಧ ದಿನ ಕಾಯಬೇಕಾಗಬಹುದು, ವಿದ್ಯಾರ್ಥಿಗಳೂ ಬಾಯಿ ನೋಡುತ್ತಾರೆ. ಹಿಂದೆ ಅಧ್ಯಾಪಕರು ನಿಂತಿರುವುದರಿಂದ ಅದಕ್ಕೆ ಹಿಂಜರಿಯಬೇಕಿಲ್ಲ.

ಚಿಕಿತ್ಸೆಯ ನಂತರ ಸೋಂಕಾದುದೆಲ್ಲ ವೈದ್ಯರ ತಪ್ಪಲ್ಲ. ಎಚ್ಚರದಿಂದ ಮಾಡಿದ ಕೆಲಸದಲ್ಲೂ ಅದು ಬರಬಹುದು. ಮತ್ತೆ ಮತ್ತೆ ಹೇಳಿದರೂ ನೋಡದೆ ಕಳಿಸಿದ್ದು ಮಾತ್ರ ಬೇರೆ ವಿಷಯ. ಅಂಥ ದೂರನ್ನು ಕರ್ನಾಟಕ ರಾಜ್ಯ ದಂತ ಪರಿಷತ್ತಿಗೆ ಕೊಡಬಹುದು. ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ಹೋಗಬಹುದು. ಹಣ ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪಿತ್ತಿದೆ.

ಕೀವು ಹರಿದು ನೋವು ನಿಂತ ದಿನವೇ ಬಹಳ ಮಂದಿ ಮುಂದಿನ ಅಪಾಯಿಂಟ್‌ಮೆಂಟ್ ರದ್ದುಮಾಡುತ್ತಾರೆ. ಹಾಗೆ ಬಿಟ್ಟ ಹಲ್ಲಿನ ಪಕ್ಕದ ವಸಡಿನಲ್ಲಿ ಕೆಲವು ವಾರಗಳ ನಂತರ ನೋವಿಲ್ಲದ ಸಣ್ಣ ಗುಳ್ಳೆಯೊಂದು ಏಳುವುದು, ಒಡೆಯುವುದು, ಮತ್ತೆ ಏಳುವುದು ಕಂಡರೆ ಒಳಗಿನ ಸೋಂಕು ತನಗೊಂದು ಕಿಂಡಿ ಮಾಡಿಕೊಂಡಿದೆ ಎಂದೇ ಅರ್ಥ. ನೋವಿಲ್ಲದಿದ್ದರೂ ಬಾಕಿ ಉಳಿದ ರೂಟ್ ಕೆನಾಲನ್ನು ಮುಗಿಸಿಕೊಳ್ಳಿ, ಉಳಿಸಲಾಗದ ಹಲ್ಲಾದರೆ ಕೀಳಿಸಿ.