ಮೊದಲು ಗಿರಾಕಿ, ಆಮೇಲೆ ದೋಸೆ: ಗಲ್ಲಾದಲ್ಲಿ ಕೂತು ಕಲಿತ ಇಂಗ್ಲಿಷ್

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಬೆಣ್ಣೆದೋಸೆ ಹೋಟೆಲ್ ಇದೆ. ಆರು ಟೇಬಲ್, ಒಂದು ಕಟ್ಟಿಗೆ ಒಲೆ, ಸುತ್ತಮುತ್ತ ಹಾಸ್ಟೆಲ್‌ಗಳು. ಮೆಡಿಕಲ್, ಡೆಂಟಲ್, ಇಂಜಿನಿಯರಿಂಗ್ ಓದೋಕೆ ಬೇರೆ ರಾಜ್ಯದ ಹುಡುಗರು ನಮ್ಮೂರಿಗೆ ವರ್ಷಾ ವರ್ಷಾ ಬರುತ್ತಾರೆ. ಆರು ತಿಂಗಳಲ್ಲಿ ಅವರು 'ಅಣ್ಣಾ, ಒಂದು ಖಾಲಿ ದೋಸೆ' ಅನ್ನೋದು ಕಲಿತುಬಿಡುತ್ತಾರೆ. ಅವರನ್ನು ನೋಡೋಕೆ ಬರೋ ಅಪ್ಪ ಅಮ್ಮಂದಿರ ಜೊತೆ ಮಾತ್ರ ಇಂಗ್ಲಿಷೇ ಬೇಕು. ನಾನು ಓದಿದ್ದು ಕನ್ನಡ ಮೀಡಿಯಂ.

ನನ್ನ ಕೆಲಸದಲ್ಲಿ ದಿನಕ್ಕೆ ನೂರಾರು ಸಲ ಆಗೋದು ಒಂದೇ ಸಂಗತಿ. ಕೊಡೋದು. ದೋಸೆ ಕೊಡೋದು, ಚಟ್ನಿ ಕೊಡೋದು, ಚಿಲ್ಲರೆ ಕೊಡೋದು. ಹಾಗಾಗಿ ಇಡೀ ಇಂಗ್ಲಿಷ್ ಕಲಿಯೋ ಆಸೆ ಪಕ್ಕಕ್ಕಿಟ್ಟು, ಈ ಕೊಡೋ ಮಾತುಗಳನ್ನಷ್ಟೇ ಸರಿಯಾಗಿ ಕಲೀಬೇಕು ಅಂತ ಹಿಡಿದೆ. ಅದಕ್ಕೊಂದು ಕಾರಣವೂ ಇತ್ತು.

ಒಂದು ಭಾನುವಾರ ಒಬ್ಬ ಹುಡುಗಿ ಅಪ್ಪ ಅಮ್ಮನ್ನ ಕರ್ಕೊಂಡು ಬಂದಿದ್ದಳು. ನಾನು ಖುಷಿಯಿಂದ 'ಟುಡೇ ಐ ಆಫರ್ ಯೂ ಓಪನ್ ದೋಸೆ' ಅಂದೆ. ಓಪನ್ ಅಂದರೆ ಮಡಚದೆ ಕೊಡೋ ದೋಸೆ. ಅವರು ತುಂಬಾ ಸಂತೋಷದಿಂದ ಥ್ಯಾಂಕ್ಯೂ ಹೇಳಿ ಮೂರು ಓಪನ್ ತಿಂದರು. ಬಿಲ್ ಕೊಟ್ಟಾಗ ಆ ತಂದೆಯ ಮುಖ ಸಣ್ಣದಾಯಿತು. ನಾನು ಪ್ರೀತಿಯಿಂದ ಸುಮ್ನೆ ತಿನ್ನಿಸ್ತಿದ್ದೀನಿ ಅಂತ ಅವರು ತಿಳ್ಕೊಂಡಿದ್ದರು. ದುಡ್ಡು ತಗೊಳ್ಳೋಕೆ ನನಗೆ ಮನಸ್ಸಾಗಲಿಲ್ಲ, ಕೊಡದೆ ಹೋಗೋಕೆ ಅವರಿಗೆ ಮನಸ್ಸಾಗಲಿಲ್ಲ. ಹುಡುಗಿ ಪಾಪ ತಲೆ ತಗ್ಗಿಸಿ ನಿಂತಿದ್ದಳು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಮ್ಮ ಬೀದಿಯಲ್ಲಿ ರಿಟೈರ್ ಆದ ಇಂಗ್ಲಿಷ್ ಮೇಷ್ಟ್ರು ಒಬ್ಬರಿದ್ದಾರೆ, ಬೆಳಿಗ್ಗೆ ಕಾಫಿಗೆ ಬರುತ್ತಾರೆ. ಅವರಿಗೆ ಹೇಳಿಕೊಂಡೆ. 'ನೋಡಪ್ಪಾ, ನಿನ್ನ ವಾಕ್ಯ ತಪ್ಪಿಲ್ಲ, ಆ ಮಾತು ಆ ಜಾಗಕ್ಕೆ ಸಲ್ಲೋದಲ್ಲ' ಅಂದರು. ನಮಗೆ ಆಫರ್ ಅಂದರೆ ಬಟ್ಟೆ ಅಂಗಡಿಯ ರಿಯಾಯಿತಿ ಅಲ್ವಾ? ಇಂಗ್ಲಿಷಿನಲ್ಲಿ ಅದು ಮುಂದೆ ಹಿಡಿಯೋದು. ತಗೊಳ್ಳೋದು ಬಿಡೋದು ಎದುರಿನವರ ಇಷ್ಟ. 'ಐ ಗೇವ್ ಹಿಮ್ ಎ ಸೀಟ್' ಅಂದರೆ ಆತ ಕೂತಾಯಿತು. 'ಐ ಆಫರ್ಡ್ ಹಿಮ್ ಎ ಸೀಟ್' ಅಂದರೆ ಆತ ನಿಂತೇ ಇದ್ದರೂ ಇರಬಹುದು. ಮನೆಗೆ ಬಂದವರಿಗೆ 'ಕ್ಯಾನ್ ಐ ಆಫರ್ ಯೂ ಸಮ್ ಕಾಫಿ' ಅಂದರೆ ಚೆನ್ನ. ಹೋಟೆಲಿನಲ್ಲಿ ಯಜಮಾನನೇ ಬಂದು ಹಾಗಂದರೆ ಉಪಚಾರದ ಥರ ಕೇಳಿಸುತ್ತದೆ. ದೋಸೆ ಮಾರೋಕೆ 'ವುಡ್ ಯೂ ಲೈಕ್ ಟು ಟ್ರೈ' ಸಾಕು.

ಆಮೇಲೆ ಮೇಷ್ಟ್ರು ನನ್ನ ಇನ್ನೊಂದು ತಪ್ಪು ಹಿಡಿದರು. ನಾನು ಯಾವಾಗಲೂ 'ಗಿವ್ ಟು ಮಿ ದ ಪ್ಲೇಟ್', 'ಐ ವಿಲ್ ಗಿವ್ ಟು ಯೂ ಚೇಂಜ್' ಅಂತಿದ್ದೆ. ಕನ್ನಡದ 'ಗೆ'ಯನ್ನು ಹಾಗೇ ಎತ್ತಿಕೊಂಡು ಹೋಗಿ ಅಲ್ಲಿಟ್ಟಿದ್ದೆ. ನಮಗೆ ಆ 'ಗೆ' ಇರೋದರಿಂದ ಎಷ್ಟು ಆರಾಮ ನೋಡಿ: ನನಗೆ ದೋಸೆ ಕೊಡು, ದೋಸೆ ನನಗೆ ಕೊಡು, ಕೊಡು ನನಗೆ ದೋಸೆ, ಹೇಗೆ ತಿರುಗಿಸಿದರೂ ಯಾರಿಗೆ ಏನು ಅನ್ನೋದು ಕೆಡೋದಿಲ್ಲ. ಸಾವಿರ ವರ್ಷದ ಹಿಂದೆ ಇಂಗ್ಲಿಷಿನಲ್ಲೂ ಈ ಥರದ ಚತುರ್ಥಿ ವಿಭಕ್ತಿ ಇತ್ತಂತೆ, ಬರ್ತಾ ಬರ್ತಾ ಸವೆದುಹೋಯಿತಂತೆ. ಈಗ ಅವರಿಗೆ ಉಳಿದಿರೋದು ಜಾಗ. ಕ್ರಿಯಾಪದದ ಪಕ್ಕದಲ್ಲೇ ಆಳು, ಅಂದರೆ ತಗೊಳ್ಳೋ ಮನುಷ್ಯ, ಅದರಾಚೆ ವಸ್ತು. 'ಗಿವ್ ಮಿ ದ ಪ್ಲೇಟ್.' 'ಹ್ಯಾಂಡ್ ಹಿಮ್ ದ ಬಿಲ್.' 'ಪಾಸ್ ದೆಮ್ ದ ವಾಟರ್.' ವಸ್ತು ಮೊದಲು ಬಂದರೆ ಮಾತ್ರ 'ಟು' ಬೇಕು: 'ಗಿವ್ ದ ಪ್ಲೇಟ್ ಟು ಮಿ.'

ಇದನ್ನು ಬಾಯಿಗೆ ತಂದುಕೊಂಡಿದ್ದು ಹೀಗೆ. ಬಿಲ್ ಪುಸ್ತಕದ ಹಿಂದೆ ವಾರಕ್ಕೊಂದು ಕ್ರಿಯಾಪದ ಬರೆದಿಡುತ್ತಿದ್ದೆ. ಏನನ್ನಾದರೂ ಕೈಯಿಂದ ಕೊಡುವಾಗೆಲ್ಲ, ಗಿರಾಕಿ ಕನ್ನಡದವರೇ ಆಗಿರಲಿ, ಮನಸ್ಸಲ್ಲೇ ಆ ವಾಕ್ಯ ಹೇಳಿಕೊಳ್ಳುತ್ತಿದ್ದೆ. ಕೈ ಮುಂದೆ ಹೋಗುವಾಗ ಮೊದಲು ಆಳಿನ ಮುಖ ನೋಡೋದು, ಆಮೇಲೆ ತಟ್ಟೆ ನೋಡೋದು. ಮಾತಿನಲ್ಲೂ ಅದೇ ಕ್ರಮ. ಮೂರ್ನಾಲ್ಕು ವಾರದಲ್ಲಿ ಆ 'ಟು' ತಾನಾಗೇ ಬಿದ್ದುಹೋಯಿತು.

ಚಟ್ನಿ ವಿಷಯದಲ್ಲಿ ಜಾಸ್ತಿ ಒದ್ದಾಡಿದೆ. ನಾವು 'ಇನ್ನೊಂಚೂರು ಚಟ್ನಿ ಹಾಕ್ಲಾ?' ಅಂತೀವಲ್ಲ, ಅದನ್ನು ನಾನು 'ಶಲ್ ಐ ಪುಟ್ ಯೂ ಚಟ್ನಿ' ಅಂತಿದ್ದೆ. ಪುಟ್ ಈ ಗುಂಪಿಗೆ ಸೇರೋದೇ ಇಲ್ಲ. 'ಕ್ಯಾನ್ ಐ ಗೆಟ್ ಯೂ ಸಮ್ ಮೋರ್ ಚಟ್ನಿ' ಅನ್ನಬೇಕು. ಈ ಗೆಟ್ ಅನ್ನೋದು ನಮ್ಮ 'ತಂದುಕೊಡು'. ಅದು ತಲೆಗೆ ಹತ್ತಿದ ಮೇಲೆ ನನಗೊಂದು ದಾರಿ ಸಿಕ್ಕಿತು, ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ. ಕನ್ನಡದಲ್ಲಿ ಕ್ರಿಯಾಪದದ ಬಾಲಕ್ಕೆ 'ಕೊಡು' ಸೇರಿಸ್ತೀವಿ ನೋಡಿ: ಮಾಡಿಕೊಡು, ತಂದುಕೊಡು, ಬರೆದುಕೊಡು, ಹೇಳಿಕೊಡು. ಇವೆಲ್ಲ ಇಂಗ್ಲಿಷಿನಲ್ಲಿ ಆಳು ಮೊದಲು, ವಸ್ತು ಆಮೇಲೆ ಅನ್ನೋ ಅಚ್ಚಿಗೆ ಸರಿಯಾಗಿ ಕೂರುತ್ತವೆ. 'ಐ ವಿಲ್ ಮೇಕ್ ಯೂ ಎ ದೋಸೆ.' 'ಬ್ರಿಂಗ್ ಮಿ ಎ ಸ್ಪೂನ್.' 'ಟೀಚ್ ಮಿ ಹಿಂದಿ.' ತಿರುಗಿಸಿ ಹೇಳುವಾಗ ಮಾತ್ರ ಮೇಕ್, ಗೆಟ್, ಬೈ ಇವಕ್ಕೆ 'ಟು' ಬದಲು 'ಫಾರ್' ಬರುತ್ತದೆ: 'ಐ ವಿಲ್ ಮೇಕ್ ಎ ದೋಸೆ ಫಾರ್ ಯೂ.'

ಆದರೆ ಬಾಗಿಲು ತೆಗೆದುಕೊಡಿ ಅನ್ನೋಕೆ 'ಓಪನ್ ಮಿ ದ ಡೋರ್' ಅಂದೆ, ಮೇಷ್ಟ್ರು ಬೇಡ ಅಂದರು. ನೀರಿನ ಬಾಟಲಿ ತೆಗೆದುಕೊಡೋಕೆ 'ಓಪನ್ ಮಿ ಎ ಬಾಟಲ್' ಅಂದರೆ ಸರಿಯಂತೆ. ಯಾಕೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಬಾಟಲಿ ತೆಗೆದ ಮೇಲೆ ನನ್ನ ಕೈಗೆ ಬರುತ್ತದೆ, ಬಾಗಿಲು ಬರೋದಿಲ್ಲ! ಕೊನೆಗೆ ವಸ್ತು ಯಾರ ಪಾಲಿಗೆ ಬರುತ್ತದೋ ಅವರಿಗೇ ಆ ಪಕ್ಕದ ಜಾಗ. ಪಾರ್ಸೆಲ್ ಹರಿಹರಕ್ಕೆ ಕಳಿಸುವಾಗಲೂ ಇದೇ ಲೆಕ್ಕ. 'ಸೆಂಡ್ ಹಿಮ್ ದ ಪಾರ್ಸೆಲ್' ಆಗುತ್ತದೆ, 'ಸೆಂಡ್ ಹರಿಹರ ದ ಪಾರ್ಸೆಲ್' ಆಗೋದಿಲ್ಲ, ಯಾಕಂದ್ರೆ ಊರು ದೋಸೆ ತಗೊಳ್ಳೋದಿಲ್ಲ, ಊರಿನಲ್ಲಿರೋ ಮನುಷ್ಯ ತಗೊಳ್ತಾನೆ. ಅದಕ್ಕೆ 'ಸೆಂಡ್ ದ ಪಾರ್ಸೆಲ್ ಟು ಹರಿಹರ'.

ಹಟ ಮಾಡೋ ಪದಗಳೂ ಇವೆ. 'ಎಕ್ಸ್‌ಪ್ಲೇನ್ ಮಿ', 'ಸಜೆಸ್ಟ್ ಮಿ' ಅಂತ ನಮ್ಮ ಕಡೆ ಎಲ್ಲರೂ ಅಂತಾರೆ, ನಾನೂ ಅಂತಿದ್ದೆ. 'ಎಕ್ಸ್‌ಪ್ಲೇನ್ ಇಟ್ ಟು ಮಿ' ಅನ್ನಬೇಕು. ಎಕ್ಸ್‌ಪ್ಲೇನ್, ಸಜೆಸ್ಟ್, ಡಿಸ್ಕ್ರೈಬ್, ಡೊನೇಟ್ ಎಲ್ಲ ಲ್ಯಾಟಿನ್ ಕಡೆಯಿಂದ ಬಂದವು, ಅಂಥವು ಸಾಮಾನ್ಯವಾಗಿ ಈ ಅಚ್ಚಿಗೆ ಒಗ್ಗೋದಿಲ್ಲ. ಗಿವ್, ಸೆಂಡ್, ಶೋ, ಲೆಂಡ್ ಥರದ ಚಿಕ್ಕ ಹಳೇ ಪದಗಳು ಒಗ್ಗುತ್ತವೆ. ಹಾಗಾದ್ರೆ ಆಫರ್? ಅದೂ ಲ್ಯಾಟಿನ್ನೇ, ಆದರೆ ಚರ್ಚಿನ ಮೂಲಕ ಬಹಳ ಹಿಂದೆಯೇ ಬಂದು ಮನೆಯವರಲ್ಲಿ ಒಂದಾಗಿಬಿಟ್ಟಿದೆ.

ಚಿಲ್ಲರೆ ಇಲ್ಲದಾಗ ನಾನು 'ಐ ಬಾರೋ ಯೂ ಟೆನ್ ರುಪೀಸ್' ಅಂತಿದ್ದೆ. ಬಾರೋ ಅಂದರೆ ಸಾಲ ತಗೊಳ್ಳೋದು, ಲೆಂಡ್ ಅಂದರೆ ಸಾಲ ಕೊಡೋದು, ಎರಡೂ ನನಗೆ ಬೇಕಾದ್ದಲ್ಲ. ಬೇಕಿದ್ದಿದ್ದು 'ಐ ಓ ಯೂ ಟೆನ್ ರುಪೀಸ್', ನಿಮ್ಮ ಹತ್ತು ರೂಪಾಯಿ ನನ್ನ ಹತ್ತಿರ ಬಾಕಿ ಇದೆ ಅಂತ. ಈಗ ದಿನಾ ಬಳಸ್ತೀನಿ, ಮಾರನೇ ದಿನ ಮರೆಯದೆ ಕೊಡ್ತೀನಿ.

ಈ ತಿಂಗಳು ಇನ್ನೊಂದು ಥರ ತಿರುಗಿಸಿ ಹೇಳೋದನ್ನು ಹಿಡಿದಿದ್ದೇನೆ. ನಾವು 'ನನಗೆ ತಣ್ಣಗಿರೋ ದೋಸೆ ಕೊಟ್ಟರು' ಅಂತೀವಿ, ಅವರು ಆ 'ನನಗೆ'ಯನ್ನೇ 'ನಾನು' ಮಾಡಿ ಮುಂದೆ ನಿಲ್ಲಿಸುತ್ತಾರೆ. ಮೊನ್ನೆ ಒಬ್ಬ ತಾಯಿ ಗಲ್ಲಾಕ್ಕೆ ಬಂದು 'ಐ ವಾಸ್ ಗಿವನ್ ಎ ಕೋಲ್ಡ್ ದೋಸೆ' ಅಂದರು. ಕೊಟ್ಟ ಹುಡುಗನ ಹೆಸರು ಎತ್ತಲಿಲ್ಲ, ಬೈಯಲಿಲ್ಲ. ನಾನು ಎದ್ದು ಅವರ ಕೈಯಿಂದ ತಟ್ಟೆ ತಗೊಂಡು 'ಸಾರಿ ಮೇಡಂ, ಐ ವಿಲ್ ಗೆಟ್ ಯೂ ಎ ಹಾಟ್ ಒನ್' ಅಂದೆ. ಒಲೆ ಹತ್ತಿರ ಹೋಗಿ 'ತಮ್ಮಾ, ಅಮ್ಮೋರಿಗೆ ಬಿಸಿದೊಂದು ಹಾಕಿಕೊಡು, ಬೆಣ್ಣೆ ಜಾಸ್ತಿ ಹಾಕು' ಅಂದೆ.